ಮೋಷನ್ ಡಬ್ಬಿ ಕೊಡುವ ಮೊದಲು: ಕರುಳಿನ ಹುಳುಗಳನ್ನು ತಿಳಿಯುವ ಬಗೆ

ರಕ್ತ ಕೊಡಲು ಯಾರೂ ನಾಚುವುದಿಲ್ಲ. ಮೂತ್ರದ ಡಬ್ಬಿಯನ್ನೂ ಹೇಗೋ ತಂದು ಇಡುತ್ತಾರೆ. ಮೋಷನ್ ಟೆಸ್ಟ್ ಅಂದ ಕೂಡಲೇ ಮುಖ ಬೇರೆಯಾಗುತ್ತದೆ. ಮೂರು ಪ್ಲಾಸ್ಟಿಕ್ ಕವರ್, ಅದರ ಮೇಲೆ ಪೇಪರ್, ಅದರ ಮೇಲೊಂದು ಬಟ್ಟೆ ಚೀಲ. ಕೌಂಟರಿನ ಮೇಲಿಟ್ಟು ಏನೂ ಹೇಳದೆ ಹೊರಗೆ ಹೋಗಿ ನಿಲ್ಲುತ್ತಾರೆ. ಹೆಸರು, ವಯಸ್ಸು ಕೇಳಲು ನಾನೇ ಹಿಂದೆ ಓಡಬೇಕು.

ನಾನು ತೀರ್ಥಹಳ್ಳಿ ಕಡೆಯ ಒಂದು ಸಣ್ಣ ಲ್ಯಾಬಿನ ಟೆಕ್ನಿಷಿಯನ್. ಸುತ್ತಲೂ ಅಡಿಕೆ ತೋಟ, ಗದ್ದೆ, ಮಳೆಗಾಲ ಬಂತೆಂದರೆ ತಿಂಗಳುಗಟ್ಟಲೆ ಒಣಗದ ನೆಲ. ಕರುಳಿನ ಹುಳುಗಳಿಗೆ ಇದಕ್ಕಿಂತ ಒಳ್ಳೆ ಊರು ಬೇಕಾ? ಆದರೂ ಇಲ್ಲಿ ಪರೀಕ್ಷೆಗೆ ಬರುವವರು ಕಡಿಮೆ. "ಹೊಟ್ಟೇಲಿ ಹುಳ ಇರ್ಬೇಕು, ಮೆಡಿಕಲ್‌ನಲ್ಲಿ ಒಂದು ಹುಳದ ಮಾತ್ರೆ ತಗೊಂಡ್ರೆ ಆಯ್ತು" ಅನ್ನುವವರೇ ಜಾಸ್ತಿ. ಮಾತ್ರೆ ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಹೊಟ್ಟೆಯ ಹುಳು ಅನ್ನುವುದು ಒಂದೇ ಕಾಯಿಲೆ ಅಲ್ಲ. ಒಂದು ಕಾಲಿನಿಂದ ಬರುತ್ತದೆ, ಒಂದು ತರಕಾರಿಯಿಂದ, ಒಂದು ಉಗುರಿನಿಂದ, ಒಂದು ಕುಡಿಯುವ ನೀರಿನಿಂದ. ಯಾವುದು ಅಂತ ಗೊತ್ತಾಗದಿದ್ದರೆ ಬಂದ ದಾರಿ ಗೊತ್ತಾಗುವುದಿಲ್ಲ. ದಾರಿ ಮುಚ್ಚದಿದ್ದರೆ ಮುಂದಿನ ಮಳೆಗಾಲಕ್ಕೆ ಅದು ಮತ್ತೆ ಹಾಜರು.

ಹಾಗಾಗಿ ಮೊದಲು ಡಬ್ಬಿಯ ವಿಷಯ. ಬಾಯಿ ಅಗಲವಿರುವ, ಬಿಗಿ ಮುಚ್ಚಳದ ಒಣ ಡಬ್ಬಿ ಬೇಕು. ಲ್ಯಾಬಿನಲ್ಲಿ ಕೇಳಿದರೆ ಕೊಡುತ್ತಾರೆ, ಮುಚ್ಚಳದ ಒಳಗೇ ಪುಟ್ಟ ಚಮಚ ಇರುತ್ತದೆ. ಮಾತ್ರೆ ಡಬ್ಬಿ, ಉಪ್ಪಿನಕಾಯಿ ಬಾಟಲಿ ಎಲ್ಲ ಬೇಡ. ಬೆಂಕಿಪೊಟ್ಟಣವಂತೂ ಬೇಡವೇ ಬೇಡ, ಅದು ತೇವವನ್ನೆಲ್ಲ ಹೀರಿಬಿಡುತ್ತದೆ. ಮೊದಲು ಮೂತ್ರ ಮಾಡಿ ಮುಗಿಸಿ. ಆಮೇಲೆ ಒಣ ಪ್ಲಾಸ್ಟಿಕ್ ಹಾಳೆಯ ಮೇಲೋ ಹಳೆಯ ಪೇಪರಿನ ಮೇಲೋ ಕೂತು, ಅದರಿಂದ ಒಂದೆರಡು ಚಮಚ ತೆಗೆದುಕೊಳ್ಳಿ. ಕಮೋಡಿನ ನೀರಿನಿಂದ ಎತ್ತಿದ್ದು ಬೇಡ, ಮೂತ್ರ ಸೇರಿದ್ದೂ ಬೇಡ. ಎರಡೂ ನಾವು ಹುಡುಕುವ ಜೀವಿಗಳನ್ನು ಹಾಳು ಮಾಡುತ್ತವೆ. ಲೋಳೆ, ರಕ್ತ ಕಂಡರೆ ಆ ಭಾಗವನ್ನೇ ತನ್ನಿ. ಎಷ್ಟೋ ಜನ ಗಲೀಜು ಅಂತ ಅದನ್ನೇ ಬಿಟ್ಟು "ಚೆನ್ನಾಗಿರೋದು" ತರುತ್ತಾರೆ! ನಮಗೆ ಬೇಕಾದದ್ದು ಆ ಲೋಳೆಯಲ್ಲೇ ಇರುತ್ತದೆ.

ಸಮಯವೂ ಮುಖ್ಯ. ನೀರಿನಂಥ ಭೇದಿ ಇದ್ದರೆ ಅರ್ಧ ಗಂಟೆಯೊಳಗೆ ಲ್ಯಾಬಿಗೆ ತಲುಪಬೇಕು. ಆಮಶಂಕೆ ತರುವ ಅಮೀಬಾ ಅನ್ನುವ ಒಂದೇ ಕೋಶದ ಜೀವಿ ಜೀವಂತ ಇದ್ದಾಗ ಓಡಾಡುತ್ತದೆ, ತಣ್ಣಗಾದರೆ ಸುಮ್ನೆ ಮುದುಡಿ ಬಿದ್ದಿರುತ್ತದೆ, ಗುರುತು ಹಿಡಿಯಲು ಆಗುವುದಿಲ್ಲ. ಗಟ್ಟಿ ಮಲವಾದರೆ ಕೆಲವು ಗಂಟೆ ತಡವಾದರೂ ನಡೆಯುತ್ತದೆ. ಆದರೆ ನಿನ್ನೆ ಬೆಳಗಿನದ್ದು ಇವತ್ತು ಬೇಡ. ಕೊಕ್ಕೆಹುಳುವಿನ ಮೊಟ್ಟೆ ಇರುವ ಡಬ್ಬಿಯನ್ನು ಬೆಚ್ಚಗಿನ ಜಾಗದಲ್ಲಿ ಒಂದು ದಿನ ಇಟ್ಟರೆ ಮೊಟ್ಟೆ ಒಡೆದು ಮರಿ ಹೊರಗೆ ಬಂದಿರುತ್ತದೆ. ಸ್ಲೈಡ್ ಮೇಲೆ ಅದು ಹೊರಳಾಡುವುದು ನೋಡಲೇನೋ ಚೆಂದ. ಆದರೆ ಸ್ಟ್ರಾಂಗಿಲಾಯ್ಡಿಸ್ ಅನ್ನುವ ಬೇರೆ ಹುಳುವಿನ ಮರಿಯೂ ಹೆಚ್ಚುಕಡಿಮೆ ಹಾಗೇ ಕಾಣುತ್ತದೆ. ಅದರ ಔಷಧಿ ಬೇರೆ. ಸ್ಟಿರಾಯ್ಡ್ ತೆಗೆದುಕೊಳ್ಳುವವರಲ್ಲಿ ಅದು ಜೀವಕ್ಕೇ ಅಪಾಯ ತರಬಲ್ಲದು. ಒಂದು ದಿನದ ತಡ ಇಷ್ಟು ಗೊಂದಲ ಮಾಡುತ್ತದೆ.

ಆಂಟಿಬಯೋಟಿಕ್ ಶುರು ಮಾಡಿದ್ದರೆ, ಭೇದಿ ನಿಲ್ಲುವ ಮಾತ್ರೆ ನುಂಗಿದ್ದರೆ, ಹರಳೆಣ್ಣೆ ಕುಡಿದಿದ್ದರೆ ಹೇಳಿಬಿಡಿ. ಮುಚ್ಚಿಡಬೇಡಿ.

ಡಬ್ಬಿ ಬಂದ ಮೇಲೆ ನಾವು ಮಾಡುವುದು ಸರಳ ಕೆಲಸ. ಗಾಜಿನ ಸ್ಲೈಡಿನ ಒಂದು ಬದಿಗೆ ಸಲೈನ್ ಹನಿ, ಇನ್ನೊಂದು ಬದಿಗೆ ಅಯೋಡಿನ್ ಹನಿ. ಕಡ್ಡಿಯ ತುದಿಯಲ್ಲಿ ಚೂರೇ ಚೂರು ಮಲ ತೆಗೆದು ಎರಡಕ್ಕೂ ಕಲೆಸಿ, ತೆಳುಗಾಜು ಮುಚ್ಚಿ, ಮೈಕ್ರೋಸ್ಕೋಪಿನ ಕೆಳಗೆ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ನೋಡುತ್ತಾ ಹೋಗುವುದು. ಸಲೈನ್‌ನಲ್ಲಿ ಓಡಾಡುವವು ಕಾಣುತ್ತವೆ. ಅಯೋಡಿನ್ ಬದಿಯಲ್ಲಿ ಗಟ್ಟಿ ಕವಚದೊಳಗೆ ಸುಮ್ಮನಿರುವ ಜೀವಿಗಳು, ಅಂದರೆ ಸಿಸ್ಟ್‌ಗಳು ಹಳದಿ-ಕಂದು ಬಣ್ಣಕ್ಕೆ ತಿರುಗಿ ಒಳಗಿನ ಕೇಂದ್ರಗಳು ಎದ್ದು ಕಾಣುತ್ತವೆ. ನೋಡುವುದು ಮಾತ್ರ ಅಷ್ಟು ಚೂರನ್ನೇ. ಅದಕ್ಕೇ "ಓವಾ, ಸಿಸ್ಟ್ ನಾಟ್ ಸೀನ್" (ಮೊಟ್ಟೆ, ಸಿಸ್ಟ್ ಕಾಣಲಿಲ್ಲ) ಅಂತ ರಿಪೋರ್ಟ್ ಬಂದರೆ ಹುಳು ಇಲ್ಲ ಅಂತ ಅರ್ಥವಲ್ಲ, ಈ ಚೂರಿನಲ್ಲಿ ಕಾಣಲಿಲ್ಲ ಅಂತ ಅಷ್ಟೇ. ತೊಂದರೆ ಮುಂದುವರಿದರೆ ಒಂದು ದಿನ ಬಿಟ್ಟು ಒಂದು ದಿನದಂತೆ ಮೂರು ಸಲ ಮಾಡಿಸಿ. ದುಡ್ಡಿಗಾಗಿ ಹೇಳುತ್ತಾರೆ ಅಂದುಕೊಳ್ಳಬೇಡಿ ಮಾರಾಯ್ರೆ, ಕೆಲವು ಜೀವಿಗಳು ದಿನಾ ಹೊರಗೆ ಬರುವುದೇ ಇಲ್ಲ.

ಇನ್ನು ನಮ್ಮ ಕಡೆಯ ನಿಜವಾದ ಕಳ್ಳನ ವಿಷಯ. ಕೊಕ್ಕೆಹುಳು.

ಇದು ಕಣ್ಣಿಗೆ ಕಾಣುವಂತೆ ಹೊರಗೆ ಬೀಳುವುದು ಅಪರೂಪ. ಇದ್ದರೂ ಗೊತ್ತಾಗುವುದಿಲ್ಲ. ಒಂದು ಸೆಂಟಿಮೀಟರ್ ಉದ್ದ, ಸಣ್ಣ ಕರುಳಿನ ಗೋಡೆ ಕಚ್ಚಿಕೊಂಡು ರಕ್ತ ಕುಡಿಯುತ್ತಾ ವರ್ಷಗಟ್ಟಲೆ ಇರುತ್ತದೆ. ತೋಟದ ಕೆಲಸಕ್ಕೆ ಹೋಗುವ ಒಬ್ಬ ಅಕ್ಕ ನಮ್ಮಲ್ಲಿಗೆ ರಕ್ತ ಪರೀಕ್ಷೆಗೆ ಬಂದಿದ್ದರು. ಏಣಿ ಹತ್ತಿದಂತೆ ಏದುಸಿರು, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಕೆಂಪೇ ಇಲ್ಲ. ಹೆಚ್‌ಬಿ (ರಕ್ತದ ಹಿಮೋಗ್ಲೋಬಿನ್) ಆರರ ಹತ್ತಿರ. ಹೆಂಗಸರಿಗೆ ಹನ್ನೆರಡಾದರೂ ಇರಬೇಕು. ಕಬ್ಬಿಣದ ಮಾತ್ರೆ ಎಷ್ಟೋ ಸಲ ನುಂಗಿದ್ದಾರಂತೆ. ನುಂಗಿದಾಗ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. "ನಮ್ ಮೈಯೇ ಹಿಂಗೆ, ರಕ್ತ ನಿಲ್ಲಲ್ಲ" ಅಂದರು. ಡಾಕ್ಟರು ಮೋಷನ್ ಟೆಸ್ಟ್ ಬರೆದರು. ಮೊದಲ ಸ್ಲೈಡಿನಲ್ಲೇ ಸಿಕ್ಕಿತು. ತೆಳು ಸಿಪ್ಪೆಯ, ಬಣ್ಣವಿಲ್ಲದ ಉದ್ದುಂಡನೆಯ ಮೊಟ್ಟೆ, ಒಳಗೆ ನಾಲ್ಕೈದು ಕೋಶಗಳು, ಸಿಪ್ಪೆಗೂ ಕೋಶಕ್ಕೂ ನಡುವೆ ಖಾಲಿ ಜಾಗ. ಒಮ್ಮೆ ನೋಡಿದವರು ಮರೆಯುವುದಿಲ್ಲ.

ಲೆಕ್ಕ ಹಾಕಿ ನೋಡಿ. ನಮ್ಮ ದಕ್ಷಿಣದ ಕಡೆ ಜಾಸ್ತಿ ಇರುವ ನೆಕೇಟರ್ ಜಾತಿಯ ಒಂದು ಹುಳು ದಿನಕ್ಕೆ ಸುಮಾರು 0.03 ಮಿಲಿಲೀಟರ್ ರಕ್ತ ಕಳೆಯುತ್ತದೆ. ಏನೂ ಅಲ್ಲ ಅನ್ನಿಸುತ್ತದೆ, ಅಲ್ವಾ? ನೂರು ಹುಳು ಇದ್ದರೆ ದಿನಕ್ಕೆ 3 ಮಿಲಿ, ತಿಂಗಳಿಗೆ 90. ಆ 3 ಮಿಲಿ ರಕ್ತದಲ್ಲಿರುವ ಕಬ್ಬಿಣಾಂಶ ಒಂದೂವರೆ ಮಿಲಿಗ್ರಾಂ ಹತ್ತಿರ. ನಾವು ಇಡೀ ದಿನ ತಿಂದ ಊಟದಿಂದ ಕರುಳು ಹೀರಿಕೊಳ್ಳುವುದೂ ಒಂದೆರಡು ಮಿಲಿಗ್ರಾಂ ಮಾತ್ರ. ಅಂದರೆ ಊಟದಲ್ಲಿ ಬಂದದ್ದೆಲ್ಲ ಹೆಚ್ಚುಕಡಿಮೆ ಹುಳುವಿನ ಪಾಲು. ಆಂಕೈಲೋಸ್ಟೋಮಾ ಅನ್ನುವ ಇನ್ನೊಂದು ಜಾತಿ ಇದೆ, ಅದು ಇದರ ಐದಾರು ಪಟ್ಟು ಕುಡಿಯುತ್ತದೆ. ಮುಟ್ಟಿನಲ್ಲಿ ರಕ್ತ ಹೋಗುವ, ಬಸಿರು ಬಾಣಂತನ ಮುಗಿಸಿದ, ಮನೆಯವರೆಲ್ಲ ಉಂಡ ಮೇಲೆ ಉಣ್ಣುವ ಹೆಂಗಸರಿಗೇ ಇದರ ಪೆಟ್ಟು ಜಾಸ್ತಿ.

ಬರುವ ದಾರಿ ಬಾಯಲ್ಲ, ಪಾದ. ಬಯಲಲ್ಲಿ ಯಾರೋ ಕೂತು ಹೋದ ಮಲದಲ್ಲಿ ಮೊಟ್ಟೆ ಇರುತ್ತದೆ. ನೆರಳು, ತೇವ, ಬೆಚ್ಚನೆಯ ಮಣ್ಣು ಸಿಕ್ಕಿದರೆ ಒಂದೆರಡು ದಿನದಲ್ಲಿ ಮರಿ. ಐದರಿಂದ ಹತ್ತು ದಿನದಲ್ಲಿ ಆ ಮರಿ ಚರ್ಮ ತೂರುವಷ್ಟು ತಯಾರು. ಆಮೇಲೆ ಮೂರು ನಾಲ್ಕು ವಾರ ಮಣ್ಣಿನಲ್ಲೇ ಕಾಯುತ್ತದೆ. ಬರಿಗಾಲು ಬಿದ್ದರೆ ಬೆರಳ ಸಂದಿಯಿಂದ ಒಳಗೆ. ಅಲ್ಲಿಂದ ರಕ್ತದಲ್ಲಿ ಹೃದಯ, ಶ್ವಾಸಕೋಶ. ಶ್ವಾಸಕೋಶದಿಂದ ಗಂಟಲಿಗೆ ಹತ್ತಿ ಬಂದು, ನಾವೇ ಉಗುಳಿನ ಜೊತೆ ನುಂಗಿ, ಕರುಳಿಗೆ. ಬೆರಳ ಸಂದಿ ತುರಿಕೆ, ಆಮೇಲೆ ಕೆಲವು ದಿನ ಒಣ ಕೆಮ್ಮು. ಎರಡನ್ನೂ ಮಳೆಗಾಲದಲ್ಲಿ ಯಾರು ಲೆಕ್ಕಕ್ಕೆ ತಗೊಳ್ತಾರೆ? ತುರಿಕೆಗೆ ಕೆಸರುಹುಣ್ಣು ಅಂತ, ಕೆಮ್ಮಿಗೆ ಥಂಡಿ ಅಂತ ಹೆಸರು. ಮೊಟ್ಟೆ ನಮ್ಮ ಸ್ಲೈಡಿಗೆ ಬರಲು ಅಲ್ಲಿಂದ ಐದಾರು ವಾರವಾದರೂ ಬೇಕು.

ಈ ಪಾದದ ದಾರಿ ಕಂಡುಹಿಡಿದದ್ದೇ ಒಂದು ತಮಾಷೆ ಕಥೆ. ಆರ್ಥರ್ ಲೂಸ್ ಅನ್ನುವ ಜರ್ಮನ್ ವಿಜ್ಞಾನಿ 1890ರ ದಶಕದಲ್ಲಿ ಕೈರೋದಲ್ಲಿ ಕೊಕ್ಕೆಹುಳುವಿನ ಮರಿಗಳ ಮೇಲೆ ಕೆಲಸ ಮಾಡುತ್ತಿದ್ದ. ಆಗ ಎಲ್ಲರೂ ಹುಳು ಬಾಯಿಂದ ಹೋಗುತ್ತದೆ ಅಂದುಕೊಂಡಿದ್ದರು. ಒಂದು ದಿನ ಮರಿಗಳಿದ್ದ ನೀರು ಅವನ ಕೈ ಮೇಲೆ ಚೆಲ್ಲಿತು. ಕೈ ಉರಿಯಿತು, ಕೆಂಪಾಯಿತು. ಆ ನೀರನ್ನು ಮತ್ತೆ ನೋಡಿದರೆ ಮರಿಗಳು ಕಾಣೆ, ಬರೀ ಪೊರೆ ಉಳಿದಿದೆ. ಸಂಶಯ ಬಂದು ತನ್ನದೇ ಮಲ ಪರೀಕ್ಷೆ ಮಾಡುತ್ತಾ ಹೋದ. ಕೆಲವು ವಾರಗಳ ಮೇಲೆ ಮೊಟ್ಟೆ ಸಿಕ್ಕವು. ಮೋಷನ್ ಡಬ್ಬಿ ಕೊಡಲು ನಾಚುವವರಿಗೆ ನಾನು ಈ ಕಥೆ ಹೇಳುವುದುಂಟು.

ತಡೆಯಲು ಚಪ್ಪಲಿ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಹೇಳುವವರು ಜೂನ್ ತಿಂಗಳಲ್ಲಿ ಅಡಿಕೆ ತೋಟಕ್ಕೆ ಇಳಿದು ನೋಡಬೇಕು. ಹವಾಯಿ ಚಪ್ಪಲಿ ಕೆಸರಿನಲ್ಲಿ ಹೂತು ಬಾರು ಕಿತ್ತು ಬರುತ್ತದೆ. ಬೇಕಾದ್ದು ಗಂಬೂಟು. ಕೂಲಿಗೆ ಬರುವವರಿಗೆ ಅದನ್ನು ತೋಟದವರೇ ಕೊಡಿಸಬೇಕು ಅಂತ ನನ್ನ ಅಭಿಪ್ರಾಯ. ತೋಟದ ಮೂಲೆಯಲ್ಲಿ ಒಂದು ಕಕ್ಕಸು ಕಟ್ಟಿಸಿದರೆ ಅದಕ್ಕಿಂತ ಮೇಲು, ಏಕೆಂದರೆ ಮೊಟ್ಟೆ ಮಣ್ಣಿಗೆ ಬೀಳದಿದ್ದರೆ ಮರಿಯೇ ಇಲ್ಲ. ಹಾಂ, ಸಗಣಿಯನ್ನು ಬೈಯಬೇಡಿ. ಸಗಣಿ ಬಾಚುವವರ ಕೈಗೆ ಬೇರೇನೋ ತುರಿಕೆ ಬರಬಹುದು, ಆದರೆ ಈ ಹುಳು ಹರಡುವುದು ಮನುಷ್ಯರ ಮಲದಿಂದಲೇ.

ಆ ಅಕ್ಕನಿಗೆ ಡಾಕ್ಟರು ಆಲ್ಬೆಂಡಜೋಲ್ ಅನ್ನುವ ಹುಳದ ಮಾತ್ರೆ ಕೊಟ್ಟರು, ಜೊತೆಗೆ ಕಬ್ಬಿಣದ ಮಾತ್ರೆ. ಹುಳು ಹೋದರೆ ಸಾಲದು, ಕಳೆದುಹೋದ ರಕ್ತ ತುಂಬಬೇಕಲ್ಲ. ಹೆಚ್‌ಬಿ ಸರಿಯಾದ ಮೇಲೂ ಎರಡು ಮೂರು ತಿಂಗಳು ಮಾತ್ರೆ ಮುಂದುವರಿಸಬೇಕು. ಮಾತ್ರೆ ನುಂಗುವಾಗ ಚಹಾ ಕಾಫಿ ಬೇಡ, ಕಬ್ಬಿಣಾಂಶ ಹಿಡಿಯುವುದಿಲ್ಲ. ನಿಂಬೆ ಪಾನಕವಾದರೆ ಒಳ್ಳೆಯದು. ಮಲ ಕಪ್ಪಗಾಗುತ್ತದೆ, ಅದು ಮಾತ್ರೆಯಿಂದ, ಗಾಬರಿ ಬೇಡ.

ಮಕ್ಕಳ ಹುಳು ಬೇರೆ ಕಥೆ. ರಾತ್ರಿ ಮಗು ಹಿಂಭಾಗ ಕೆರೆದುಕೊಳ್ಳುತ್ತದೆ, ನಿದ್ದೆ ಇಲ್ಲದೆ ಹೊರಳಾಡುತ್ತದೆ, ಅಮ್ಮ ಟಾರ್ಚ್ ಹಾಕಿ ನೋಡಿದರೆ ಬಿಳಿ ದಾರದ ಚೂರಿನಂಥವು ಅಲ್ಲಾಡುತ್ತಿರುತ್ತವೆ. ಇದು ಪಿನ್‌ವರ್ಮ್. ಮರುದಿನ ಮೋಷನ್ ಡಬ್ಬಿ ತರುತ್ತಾರೆ, ನಾವು ನೋಡಿದರೆ ಏನೂ ಇರುವುದಿಲ್ಲ. ಲ್ಯಾಬಿನವರಿಗೆ ಬರಲ್ಲ ಅಂತ ಬೈಸಿಕೊಳ್ಳುವುದು ಇಲ್ಲೇ. ಈ ಹುಳು ಕರುಳಿನೊಳಗೆ ಮೊಟ್ಟೆ ಇಡುವುದಿಲ್ಲ. ರಾತ್ರಿ ಹೊರಗೆ ಬಂದು ಗುದದ ಸುತ್ತಲಿನ ಚರ್ಮದ ಮೇಲೆ ಇಡುತ್ತದೆ. ಹಾಗಾಗಿ ಬೇಕಾದ್ದು ಡಬ್ಬಿಯಲ್ಲ, ಪಾರದರ್ಶಕ ಸೆಲ್ಲೋ ಟೇಪು. ಬೆಳಿಗ್ಗೆ ಮಗು ಏಳುತ್ತಿದ್ದಂತೆ, ಕಕ್ಕಸಿಗೆ ಹೋಗುವ ಮುಂಚೆ, ತೊಳೆಯುವ ಮುಂಚೆ, ಟೇಪಿನ ಅಂಟು ಬದಿಯನ್ನು ಆ ಜಾಗಕ್ಕೆ ಒತ್ತಿ ತೆಗೆದು, ಲ್ಯಾಬಿನಿಂದ ತಂದ ಸ್ಲೈಡಿಗೆ ಅಂಟಿಸಿ ತನ್ನಿ. ಮೂರು ಬೆಳಿಗ್ಗೆ ಹೀಗೆ ಮಾಡಿದರೆ ಬಹುಮಟ್ಟಿಗೆ ಸಿಕ್ಕಿಬೀಳುತ್ತದೆ. ಆಮೇಲೆ ನಿಮ್ಮ ಕೈ ಸೋಪು ಹಾಕಿ ಚೆನ್ನಾಗಿ ತೊಳೆಯಿರಿ. ಈ ಮೊಟ್ಟೆಗೆ ಸ್ಯಾನಿಟೈಸರ್ ತಾಗುವುದಿಲ್ಲ.

ಪಿನ್‌ವರ್ಮ್ ಒಬ್ಬರಿಗಿದ್ದರೆ ಮನೆಗೆಲ್ಲ ಇದ್ದ ಹಾಗೆ. ಮೊಟ್ಟೆ ಕೆಲವೇ ಗಂಟೆಗಳಲ್ಲಿ ಹರಡಲು ತಯಾರು, ಹೊದಿಕೆ ದಿಂಬಿನ ಮೇಲೆ ಎರಡು ಮೂರು ವಾರ ಬದುಕುತ್ತದೆ. ಅದಕ್ಕೇ ಡಾಕ್ಟರು ಮನೆಯವರಿಗೆಲ್ಲ ಒಟ್ಟಿಗೆ ಮಾತ್ರೆ ಕೊಟ್ಟು ಎರಡು ವಾರದ ಮೇಲೆ ಇನ್ನೊಮ್ಮೆ ಕೊಡುತ್ತಾರೆ. ಆ ಎರಡನೆಯದನ್ನು ತಪ್ಪಿಸುವವರೇ ಮತ್ತೆ ಬರುವುದು. ಉಗುರು ಕತ್ತರಿಸಿ, ಬೆಳಿಗ್ಗೆ ಸ್ನಾನ ಮಾಡಿಸಿ, ಹೊದಿಕೆಯನ್ನು ಕೊಡವದೆ ಸುತ್ತಿಕೊಂಡು ಹೋಗಿ ಬಿಸಿನೀರಿಗೆ ಹಾಕಿ. ಬೆಲ್ಲ ತಿಂದರೆ ಹುಳು ಆಗುತ್ತದೆ ಅಂತ ಅಜ್ಜಿಯಂದಿರು ಹೇಳುತ್ತಾರೆ. ಬೆಲ್ಲದಲ್ಲಿ ಮೊಟ್ಟೆ ಇಲ್ಲ, ಬೆಲ್ಲ ಹಿಡಿದ ಕೈಯಲ್ಲಿ ಇರಬಹುದು.

ದುಂಡುಹುಳುವಿಗೆ ನಮ್ಮ ಪರೀಕ್ಷೆಯೂ ಬೇಕಾಗದೆ ಹೋಗಬಹುದು. ಮಗುವಿನ ಮಲದಲ್ಲೋ ವಾಂತಿಯಲ್ಲೋ ಗೇಣುದ್ದದ ಬಿಳಿಚು ಹುಳು ಬಿದ್ದಾಗ ಮನೆಯವರೇ ಬಾಟಲಿಯಲ್ಲಿ ಹಿಡಿದು ತರುತ್ತಾರೆ. ಹೆಣ್ಣು ಹುಳು 20ರಿಂದ 35 ಸೆಂಟಿಮೀಟರ್ ಬೆಳೆಯುತ್ತದೆ, ದಿನಕ್ಕೆ ಎರಡು ಲಕ್ಷದವರೆಗೆ ಮೊಟ್ಟೆ ಇಡುತ್ತದೆ. ಮೊಟ್ಟೆ ಮಣ್ಣಿನಲ್ಲಿ ಕೆಲವು ವಾರ ಹಣ್ಣಾಗಿ, ತರಕಾರಿಯ ಮೂಲಕವೋ ಮಣ್ಣಾದ ಕೈಯ ಮೂಲಕವೋ ಬಾಯಿ ಸೇರುತ್ತದೆ. ಕೋಸಂಬರಿಗೆ ಹಾಕುವ ಕ್ಯಾರೆಟ್, ಸೌತೆ, ಕೊತ್ತಂಬರಿಯನ್ನು ಉಪ್ಪುನೀರಲ್ಲಿ ನೆನೆಸಿದರೆ ಮೊಟ್ಟೆ ಸಾಯುವುದಿಲ್ಲ. ಹರಿಯುವ ನೀರಲ್ಲಿ ಉಜ್ಜಿ ತೊಳೆಯಬೇಕು, ಸಿಪ್ಪೆ ಇರುವುದನ್ನು ಹೆರೆಯಬೇಕು. ಹೊಟ್ಟೆ ಉಬ್ಬಿ, ಮಲ ಗಾಳಿ ಎರಡೂ ನಿಂತು, ಮಗು ವಾಂತಿ ಮಾಡುತ್ತಿದ್ದರೆ ಹುಳುಗಳ ಗಂಟೇ ಕರುಳನ್ನು ಮುಚ್ಚಿರಬಹುದು. ಆಗ ಮನೆಯಲ್ಲಿ ಹುಳದ ಮಾತ್ರೆ ಕೊಡುತ್ತಾ ಕೂರಬೇಡಿ, ಆಸ್ಪತ್ರೆಗೆ ಓಡಿ.

ಹುಳುವೇ ಅಲ್ಲದ ಎರಡು ಜೀವಿಗಳೂ ಇವೆ, ಜಿಯಾರ್ಡಿಯಾ ಮತ್ತು ಅಮೀಬಾ. ಒಂದೇ ಕೋಶದವು, ಬರುವುದು ನೀರಿನಿಂದ. ಮಲ ಜಿಡ್ಡಾಗಿ ತೇಲುತ್ತದೆ, ನಾತ ಜಾಸ್ತಿ, ಹೊಟ್ಟೆ ಗುಡುಗುಡು, ಕೊಳೆತ ಮೊಟ್ಟೆಯ ವಾಸನೆಯ ತೇಗು. ಹೀಗಿದ್ದರೆ ಜಿಯಾರ್ಡಿಯಾ ಅಂತ ಡಾಕ್ಟರಿಗೆ ಮೊದಲು ಹೊಳೆಯುತ್ತದೆ. ಲೋಳೆ ರಕ್ತ ಬೆರೆತ ಆಮಶಂಕೆಯಾದರೆ ಅಮೀಬಾ ಇರಬಹುದು. ಒಂದು ಸಲದ ಹುಳದ ಮಾತ್ರೆ ಇವೆರಡಕ್ಕೂ ಸಾಲದು, ಔಷಧಿಯೇ ಬೇರೆ. ಇನ್ನೊಂದು ಸೂಕ್ಷ್ಮ ಇದೆ. ರೋಗ ತರುವ ಅಮೀಬಾದ ಸಿಸ್ಟೂ, ಏನೂ ಮಾಡದ ಅದರ ತಮ್ಮನ ಸಿಸ್ಟೂ ಮೈಕ್ರೋಸ್ಕೋಪಿನಲ್ಲಿ ಒಂದೇ ಥರ. ಹಾಗಾಗಿ ರಿಪೋರ್ಟಿನಲ್ಲಿ ಸಿಸ್ಟ್ ಅಂತ ಕಂಡ ಕೂಡಲೇ ಸ್ವಂತ ಔಷಧಿ ಶುರು ಮಾಡಬೇಡಿ. ಅಮೀಬಾ ಕೆಂಪು ರಕ್ತಕಣ ನುಂಗಿರುವುದು ಕಂಡರೆ ಮಾತು ಬೇರೆ. ನೀರನ್ನು ಕೊತಕೊತ ಒಂದು ನಿಮಿಷ ಕುದಿಸಿದರೆ ಎರಡೂ ಸಾಯುತ್ತವೆ. ಟ್ಯಾಂಕಿಗೆ ಹಾಕುವಷ್ಟು ಕ್ಲೋರಿನ್‌ಗೆ ಜಿಯಾರ್ಡಿಯಾ ಸುಲಭಕ್ಕೆ ಬಗ್ಗುವುದಿಲ್ಲ.

ರಕ್ತದ ರಿಪೋರ್ಟಿನಲ್ಲಿ ಇಯೋಸಿನೊಫಿಲ್ ಅನ್ನುವ ಬಿಳಿ ರಕ್ತಕಣ ಜಾಸ್ತಿ ಅಂತ ಕಂಡು ಹುಳು ಅಂದುಕೊಳ್ಳುವವರೂ ಇದ್ದಾರೆ. ಕೊಕ್ಕೆಹುಳು, ದುಂಡುಹುಳು ಮೈಯೊಳಗೆ ಓಡಾಡುವಾಗ ಅದು ಏರುವುದು ನಿಜ. ಆದರೆ ಅಲರ್ಜಿ, ಅಸ್ತಮಾಕ್ಕೂ ಏರುತ್ತದೆ. ಜಿಯಾರ್ಡಿಯಾ, ಅಮೀಬಾಕ್ಕೆ ಸಾಮಾನ್ಯವಾಗಿ ಏರುವುದೇ ಇಲ್ಲ.

ಲಾಡಿಹುಳು ಹಂದಿ ಮಾಂಸ ತಿನ್ನುವವರ ಕಾಯಿಲೆ ಅಂತ ಸಸ್ಯಾಹಾರಿಗಳು ನಿಶ್ಚಿಂತೆಯಿಂದ ಇರುತ್ತಾರೆ. ಅರ್ಧ ಮಾತ್ರ ಸರಿ. ಸರಿಯಾಗಿ ಬೇಯದ ಹಂದಿ ಮಾಂಸ ತಿಂದರೆ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ. ಚೆನ್ನಾಗಿ ಬೆಂದ ಪಂದಿ ಕರಿಯಿಂದ ಏನೂ ಆಗುವುದಿಲ್ಲ. ಆದರೆ ಆ ಹುಳು ಇರುವವರ ಮಲದಿಂದ ಮೊಟ್ಟೆ ಸೊಪ್ಪಿಗೋ, ಅಡುಗೆ ಮಾಡುವ ಕೈಗೋ ತಾಗಿ ಬೇರೆಯವರ ಹೊಟ್ಟೆಗೆ ಹೋದರೆ, ಮರಿ ರಕ್ತದಲ್ಲಿ ಸಾಗಿ ಮಿದುಳಲ್ಲಿ ಗುಳ್ಳೆ ಕಟ್ಟಬಹುದು. ದೊಡ್ಡವರಾದ ಮೇಲೆ ಮೊದಲ ಸಲ ಫಿಟ್ಸ್ ಬರುವುದಕ್ಕೆ ನಮ್ಮ ದೇಶದಲ್ಲಿ ಇದೊಂದು ಮುಖ್ಯ ಕಾರಣ. ಮಾಂಸ ಮುಟ್ಟದವರಿಗೂ ಬರುತ್ತದೆ. ಫಿಟ್ಸ್ ಬಂದ ಚರಿತ್ರೆ ಇದ್ದವರು ಹುಳದ ಮಾತ್ರೆಗೆ ಮುಂಚೆ ಡಾಕ್ಟರಿಗೆ ಹೇಳಲೇಬೇಕು. ಗುಳ್ಳೆಯೊಳಗಿನ ಮರಿ ಸಾಯುವಾಗ ಮಿದುಳು ಊದಿಕೊಳ್ಳಬಹುದು.

ಇನ್ನು ಶಾಲೆಯಲ್ಲಿ ಕೊಡುವ ಮಾತ್ರೆ. 2015ರಿಂದ ಫೆಬ್ರವರಿ 10 ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ. ಆಗಸ್ಟ್‌ನಲ್ಲೂ ಒಂದು ಸುತ್ತು ಇರುತ್ತದೆ. 1ರಿಂದ 19 ವರ್ಷದವರಿಗೆ 400 ಮಿಲಿಗ್ರಾಂ ಆಲ್ಬೆಂಡಜೋಲ್, ಎರಡು ವರ್ಷದೊಳಗಿನ ಮಕ್ಕಳಿಗೆ ಅರ್ಧ. ಪರೀಕ್ಷೆ ಇಲ್ಲದೆ ಕೊಡುತ್ತಾರಲ್ಲ, ಆಗ ನೀವು ಹೇಳಿದ್ದು ಸುಳ್ಳಾ ಅಂತ ಕೇಳಬಹುದು. ಇಲ್ಲ. ಹುಳು ಜಾಸ್ತಿ ಇರುವ ಊರಲ್ಲಿ ಪ್ರತಿ ಮಗುವಿನ ಡಬ್ಬಿ ನೋಡುವುದಕ್ಕಿಂತ ಎಲ್ಲರಿಗೂ ಮಾತ್ರೆ ಕೊಡುವುದು ಸುಲಭ, ಮಾತ್ರೆಯೂ ಸುರಕ್ಷಿತ. ಕೊಡಿಸಿ, ತಪ್ಪಿಸಬೇಡಿ. ಆದರೆ ನುಂಗಿಸಬೇಡಿ, ಅಗಿಯಲು ಹೇಳಿ. ಚಿಕ್ಕವರಿಗೆ ಪುಡಿ ಮಾಡಿ ನೀರಲ್ಲಿ ಕಲೆಸಿ ಕೊಡಿ, ಗಂಟಲಿಗೆ ಸಿಕ್ಕಿಕೊಂಡರೆ ಕಷ್ಟ. ಹುಳು ಜಾಸ್ತಿ ಇದ್ದ ಮಗುವಿಗೆ ಆ ದಿನ ಸ್ವಲ್ಪ ಹೊಟ್ಟೆನೋವು, ವಾಕರಿಕೆ ಬರಬಹುದು, ನೀರು ಕುಡಿಸಿ ಮಲಗಿಸಿದರೆ ಹೋಗುತ್ತದೆ. ಜ್ವರ ಇರುವ ಮಗುವಿಗೆ ಆ ದಿನ ಬೇಡ. ಬಸಿರಿಯರು ಮೊದಲ ಮೂರು ತಿಂಗಳು ಮುಟ್ಟಲೇಬಾರದು. ಚಾಟಿಹುಳು ಅನ್ನುವ ಇನ್ನೊಂದು ಕರುಳಿನ ಹುಳು ಇದೆ ಅಂತ ರಿಪೋರ್ಟ್ ಬಂದಿದ್ದರೆ ಒಂದು ಮಾತ್ರೆಗೆ ಅದು ಹೋಗುವುದು ಕಷ್ಟ, ಡಾಕ್ಟರು ಮೂರು ದಿನ ಬರೆಯುತ್ತಾರೆ.

ಔಷಧಿ ಮುಗಿದ ಮರುದಿನವೇ ಡಬ್ಬಿ ತಂದು "ಹೋಯ್ತಾ ನೋಡಿ" ಅನ್ನುವವರಿದ್ದಾರೆ. ಎರಡು ಮೂರು ವಾರ ಬಿಟ್ಟು ಬನ್ನಿ. ಹಳೆಯ ರಿಪೋರ್ಟ್ ತನ್ನಿ, ಹೆಚ್‌ಬಿ ಕಡಿಮೆ ಇದ್ದವರು ರಕ್ತವನ್ನೂ ಕೊಡಿ. ಡಬ್ಬಿಯ ಮೇಲೆ ಹೆಸರು ಮತ್ತು ಎಷ್ಟು ಗಂಟೆಗೆ ತೆಗೆದದ್ದು ಅಂತ ಮನೆಯಲ್ಲೇ ಬರೆದುಕೊಂಡು ಬಂದರೆ, ಕೌಂಟರಿನಲ್ಲಿ ಬಾಯಿಬಿಟ್ಟು ಏನೂ ಹೇಳಬೇಕಾಗಿಲ್ಲ.